ನಿರ್ಮಲ ಸೌಧದ ಸೊನ್ನೆ

ಕಾಗಿಣಾ ಜಿಲ್ಲೆ ಹೊಸದಾಗಿ ರಚನೆಯಾದಾಗ ಜನ ಕೇಳಿದ್ದು ಒಂದು ದೊಡ್ಡಾಸ್ಪತ್ರೆ. ಬಂದದ್ದು ನಿರ್ಮಲ ಸೌಧ. ಸುಣ್ಣಕಲ್ಲಿನ ಗಣಿಗಳು ನಾಲ್ಕೂ ದಿಕ್ಕಿಗೆ ಬಾಯಿ ತೆರೆದುಕೊಂಡು ಬಿದ್ದಿರುವ ಆ ಉರಿಬಿಸಿಲಿನ ಸೀಮೆಯಲ್ಲಿ, ನೆತ್ತಿಯಿಂದ ಬುಡದವರೆಗೆ ಗಾಜು ಹೊದ್ದ ಏಳಂತಸ್ತಿನ ಸರ್ಕಾರಿ ಕಟ್ಟಡ. ಉದ್ಘಾಟನೆಗೆ ಬಂದ ಮಂತ್ರಿಗಳು ಅದನ್ನು ‘ಉಸಿರಾಡುವ ಕಟ್ಟಡ’ ಎಂದು ಹೊಗಳಿದರು. ಕಟ್ಟಡವೇನೋ ಉಸಿರಾಡುತ್ತಿತ್ತು. ಅದರ ಒಂದು ಕಿಟಕಿಯೂ ತೆರೆಯುತ್ತಿರಲಿಲ್ಲ.

ಇಡೀ ಜಿಲ್ಲೆಯ ಕಂಪ್ಯೂಟರುಗಳು ಅದರ ನೆಲಮಾಳಿಗೆಯಲ್ಲಿದ್ದವು. ಪಿಂಚಣಿ, ಪಡಿತರ, ಪಹಣಿ, ಮಳೆ ಬಿಸಿಲಿನ ಮುನ್ಸೂಚನೆ, ಎಲ್ಲ ಅಲ್ಲೇ. ಕಂಪ್ಯೂಟರು ದುಡಿದರೆ ಕಾಯುತ್ತದೆ, ಕಾದದ್ದನ್ನು ತಣಿಸಬೇಕು. ಅದಕ್ಕಾಗಿ ಇನ್ನೂ ಒಂದಂತಸ್ತು ಕೆಳಗೆ ಉಪ್ಪಿನ ದ್ರಾವಣದ ದೊಡ್ಡ ತೊಟ್ಟಿಗಳಿದ್ದವು. ರಾತ್ರಿ ಛಾವಣಿಯ ಮೇಲೆ ತೆಳ್ಳಗೆ ನೀರು ಹರಿಸುತ್ತಿದ್ದರು. ಅದು ಆವಿಯಾಗುವಾಗ ಹುಟ್ಟುವ ತಂಪು ಕೊಳವೆಗಳಲ್ಲಿ ಇಳಿದು ಬಂದು ಆ ದ್ರಾವಣವನ್ನು ಗಟ್ಟಿ ಮಾಡುತ್ತಿತ್ತು. ಹಗಲಿಡೀ ಅದು ಕರಗುತ್ತ ಕಂಪ್ಯೂಟರುಗಳ ಶಾಖವನ್ನೂ ಕಚೇರಿಗಳ ಶಾಖವನ್ನೂ ಹೀರಿಕೊಳ್ಳುತ್ತಿತ್ತು. ವಿದ್ಯುತ್ತು ಗೋಡೆ ಮತ್ತು ಛಾವಣಿಯ ಸೌರಫಲಕಗಳಿಂದ. ಕಲ್ಲಿದ್ದಲಿನ ವಿದ್ಯುತ್ತಿನಿಂದ ಓಡುವ ಶೀತಲಯಂತ್ರವೊಂದನ್ನು ತುರ್ತಿಗೆಂದು ಇಟ್ಟಿದ್ದರು. ಅದು ಚಾಲೂ ಆಗಲು ಆಯುಕ್ತರ ಬೆರಳಚ್ಚು ಬೇಕಿತ್ತು. ಯೋಚನೆ ಒಳ್ಳೆಯದೇ. ಅದನ್ನು ಯೋಚಿಸಿದವರು ಬೇರೆ, ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡವರು ಬೇರೆ.

ಮುಂಬಾಗಿಲಿನಲ್ಲಿ ಆಳೆತ್ತರದ ಫಲಕವೊಂದಿತ್ತು. ಕಟ್ಟಡ ಗಾಳಿಗೆ ಬಿಟ್ಟ ಇಂಗಾಲ ಎಷ್ಟೆಂದು ಅದು ಕ್ಷಣಕ್ಷಣಕ್ಕೂ ತೋರಿಸಬೇಕು. ತೋರಿಸುತ್ತಿದ್ದದ್ದು ಹಸಿರು ಬಣ್ಣದ ಒಂದು ಸೊನ್ನೆ. ಆ ಸೊನ್ನೆಯನ್ನು ಸಾಕುವುದೇ ಜಿಲ್ಲೆಯ ಆಡಳಿತವಾಗಿ ಹೋಗಿತ್ತು. ಮನುಷ್ಯ ಸುಮ್ಮನೆ ಕೂತರೂ ಹಳೆಯ ಕಾಲದ ಒಂದು ಬಲ್ಬಿನಷ್ಟು ಶಾಖ ಬಿಡುತ್ತಾನೆಂದು ಯಾರೋ ಸಲಹೆಗಾರರು ವರದಿ ಕೊಟ್ಟ ಮೇಲೆ ಸಾರ್ವಜನಿಕರನ್ನು ಕಟ್ಟಡದಿಂದ ಹೊರಗೆ ಹಾಕಿದರು. ರಸ್ತೆ ಬದಿಯಲ್ಲಿ ಅವರಿಗೊಂದು ತಗಡಿನ ಚಪ್ಪರ ಎದ್ದಿತು. ನಕ್ಷೆಯಲ್ಲಿ ಚಪ್ಪರ ಸೌಧದ ಗಡಿಯಿಂದಾಚೆ ಬಿತ್ತು. ಅಲ್ಲಿನ ಬೆವರು ಯಾವ ಲೆಕ್ಕಕ್ಕೂ ಬರಲಿಲ್ಲ. ಅಡುಗೆಮನೆ ಎದುರಿನ ದನದ ಆಸ್ಪತ್ರೆಯ ಕಾಂಪೌಂಡಿಗೆ ಹೋಯಿತು. ಅಂದಿನಿಂದ ಸಾಹೇಬರ ಚಹಾದ ಹೊಗೆ ಪಶುಸಂಗೋಪನೆಯ ಹೊಗೆಯಾಯಿತು. ಅರ್ಜಿಗಳನ್ನು ಕಂಪ್ಯೂಟರು ಬಿಸಿಲು ಚೆನ್ನಾಗಿ ಬಿದ್ದು ವಿದ್ಯುತ್ತು ಮಿಕ್ಕಾಗ ಮಾತ್ರ ತೆರೆಯುತ್ತಿತ್ತು. ಮೋಡ ಕವಿದರೆ ವಿಧವೆಯರ ಪಿಂಚಣಿ ನಿಲ್ಲುತ್ತಿತ್ತು. ಪ್ರಶಸ್ತಿಗಳು ಬರತೊಡಗಿದವು.

ಇದನ್ನೆಲ್ಲ ನಡೆಸುತ್ತಿದ್ದ ಕಂಪ್ಯೂಟರು ವ್ಯವಸ್ಥೆಗೆ ‘ನಿಯಂತಾ’ ಎಂದು ಸಂಸ್ಕೃತದ ಹೆಸರಿಟ್ಟಿದ್ದರು. ನೌಕರರು ಅದನ್ನು ಅತ್ತಿ, ಅಂದರೆ ಅತ್ತೆ, ಎಂದು ಕರೆಯುತ್ತಿದ್ದರು. ಯಾರು ಎಷ್ಟು ಹೊತ್ತು ದೀಪ ಉರಿಸಿದರು, ಯಾರು ಎರಡು ಸಲ ಬಾಗಿಲು ತೆರೆದರು ಎಂದು ದಿನವಿಡೀ ಗೊಣಗುತ್ತಿದ್ದುದರಿಂದ ಆ ಹೆಸರು ಗಟ್ಟಿಯಾಗಿ ಅಂಟಿತು.

ಅತ್ತಿಯ ಉಸ್ತುವಾರಿ ನೀಲಗಂಗಾಳದು. ನಿಯಂತ್ರಣ ಕೊಠಡಿಯ ಇಂಜಿನಿಯರ್ ಅವಳು. ಅವಳ ಗಂಡ ರೇವಣಸಿದ್ಧ ಊರಾಚೆಯ ಒಂದು ಗಣಿಯಲ್ಲಿ ಹಗಲು ಪಾಳಿಯ ಮೇಲ್ವಿಚಾರಕ. ಗಂಡ ಹೆಂಡಿರ ಕೆಲಸಗಳನ್ನು ಕಟ್ಟಿಹಾಕಿದ್ದು ಬಿಸಿಲು ನಿಲುಗಡೆ ಕಾಯ್ದೆ. ದೇಹ ತಾಳಲಾರದಷ್ಟು ಕಾವು ಏರಿದಾಗ ಪ್ರತಿ ಗಣಿಯ ಬಾಯಲ್ಲೂ ಸೈರನ್ ಕೂಗಬೇಕು, ಕೂಗಿದ ಕೂಡಲೇ ಎಲ್ಲರೂ ಮೇಲೆ ಬರಬೇಕು. ಯಾವ ಗಣಿಗೆ ಯಾವಾಗ ಎಂಬ ಲೆಕ್ಕ ದಿನಾ ಬೆಳಗ್ಗೆ ಸೌಧದ ನೆಲಮಾಳಿಗೆಯಲ್ಲಿ ಆಗುತ್ತಿತ್ತು. ಅದು ಥರ್ಮಾಮೀಟರು ನೋಡಿ ಹೇಳುವ ಮಾತಲ್ಲ. ಗಾಳಿಯ ಹಸಿ, ಬಂಡೆ ಹಿಂದಿನ ದಿನ ಕುಡಿದಿಟ್ಟ ಕಾವು, ಗುಂಡಿಯ ಆಳ, ಎಲ್ಲ ಸೇರಿಸಿ ಒಂದೊಂದು ಗುಂಡಿಗೂ ಬೇರೆ ಬೇರೆ ಲೆಕ್ಕ ಕಟ್ಟಬೇಕು. ಕಂಪ್ಯೂಟರುಗಳು ಅತಿ ಹೆಚ್ಚು ಕಾಯುತ್ತಿದ್ದದ್ದು ಆ ಹೊತ್ತಿನಲ್ಲೇ. ಕಾಯ್ದೆ ಮಾಡಿದವರು ಗಣಿ ಮಾಲೀಕರಿಗೂ ಒಂದು ಉಪಕಾರ ಮಾಡಿದ್ದರು: ಸೈರನ್ ಕೂಗದಿದ್ದರೆ ಕಾನೂನಿನ ಕಣ್ಣಿಗೆ ಬಿಸಿಲೇ ಇಲ್ಲ.

ವಜ್ರ ಪ್ರಶಸ್ತಿಗಾಗಿ ಸೌಧವನ್ನು ನೋಡಲು ತೀರ್ಪುಗಾರರು ಬರುವ ಮುನ್ನಾದಿನ ನೀಲಗಂಗಾ ಕೆಲಸ ಮುಗಿಸಿ ಹೊರಬಿದ್ದಾಗ ಚಪ್ಪರದಡಿಯಲ್ಲಿ ಲಾಲಬಿ ಸಿಕ್ಕಳು. ಅವರ ಓಣಿಯವಳೇ, ರೇವಣಸಿದ್ಧನ ಪಾಳಿಯಲ್ಲಿ ಕಲ್ಲು ಹೊರುವವಳು. ಹಿಂದಿನ ಬೇಸಿಗೆಯಲ್ಲಿ ಒಮ್ಮೆ ಎಚ್ಚರ ತಪ್ಪಿ ಬಿದ್ದಿದ್ದಳು. ಇನ್ನು ನೆರಳಿನ ಕೆಲಸವನ್ನೇ ಮಾಡಬೇಕೆಂದು ಡಾಕ್ಟರು ಹೇಳಿದ್ದರು. ಅದಕ್ಕೆ ಸರ್ಕಾರದ ಮಂಜೂರಾತಿ ಬೇಕಿತ್ತು. ಸೆರಗಿನಿಂದ ಗಾಳಿ ಬೀಸಿಕೊಳ್ಳುತ್ತ ಚಪ್ಪರದಲ್ಲಿಟ್ಟಿದ್ದ ಅರ್ಜಿಯ ಯಂತ್ರದ ಮುಂದೆ ನಿಂತಿದ್ದಳು.

“ನಿಮ್ಮ ಅತ್ತಿ ಇವತ್ತೂ ಒಲ್ಲೆ ಅಂದಳವ್ವ,” ಎಂದು ನಕ್ಕಳು. “ಮ್ಯಾಲ ಮೋಡ ಆಗ್ಯಾವಂತ, ಕರೆಂಟ್ ಸಾಲಂಗಿಲ್ಲಂತ. ಬಿಸಲು ಬಿದ್ದರ ನಾ ಸಾಯ್ತೀನಿ, ಬಿಸಲು ಬೀಳದಿದ್ದರ ಆಕಿ ಅರ್ಜಿ ನೋಡಂಗಿಲ್ಲ. ನಾ ಯಾವಾಗ ಬರಬೇಕು ಹೇಳು.”

“ನಾಳೆ ಸಾಹೇಬರ ಕಾರ್ಯಕ್ರಮ ಅದ. ಅದು ಮುಗೀಲಿ ಆಪಾ, ನಾನೇ ಒಳಗ ಹೋಗಿ ನೋಡ್ತೀನಿ,” ಎಂದಳು ನೀಲಗಂಗಾ. ಹಾಗೆ ಹೇಳುವುದು ಅವಳಿಗೆ ರೂಢಿಯಾಗಿತ್ತು. ಚಪ್ಪರದಲ್ಲಿ ನಿಂತ ಎಲ್ಲರಿಗೂ ಹಾಗೇ ಹೇಳುತ್ತಿದ್ದಳು.

ಮನೆಯಲ್ಲಿ ರೇವಣಸಿದ್ಧ ಬನಿಯನ್ನು ಹಿಂಡುತ್ತ ಅಂಗಳದಲ್ಲಿ ಕೂತಿದ್ದ. ಊಟದ ಹೊತ್ತು ಕಳೆದ ಮೇಲೆ ಪೂರ್ವದ ಕಡೆಯಿಂದ ಹಸಿ ಗಾಳಿ ತೇಲಿಬಂದು ಊರಿನ ಮೇಲೆ ಕುಳಿತುಬಿಟ್ಟಿತ್ತು. ಆಮೇಲೆ ಒಣಹಾಕಿದ ಬಟ್ಟೆ ಒಣಗಿರಲಿಲ್ಲ. ಆ ಸೀಮೆಯಲ್ಲಿ ಮೇ ತಿಂಗಳಲ್ಲಿ ಬಟ್ಟೆ ಒಣಗದಿರುವುದೆಂದರೆ ಯಾರೂ ಕೇಳರಿಯದ ಸಂಗತಿ.

“ಇದು ಎಂಥಾ ಝಳ ನೀಲಾ,” ಎಂದ. “ನೀರು ಕುಡದಷ್ಟೂ ಬೆವರು ಬರ್ಲಾಕತ್ತದ, ಆದ್ರ ಮೈ ತಣ್ಣಗಾಗವಲ್ದು. ನಾಳೆ ಸೈರನ್ ಲಗೂನ ಕೂಗತದಿಲ್ಲೋ?”

“ಕೂಗತದ. ಲೆಕ್ಕಕ್ಕ ಹಸಿ ಗಾಳಿನೂ ಗೊತ್ತದ,” ಎಂದು ಅವಳು ರೊಟ್ಟಿ ಬಡಿಯಲು ಒಳಗೆ ಹೋದಳು.

ಬೆಳಗ್ಗೆ ನಿಯಂತ್ರಣ ಕೊಠಡಿಗೆ ಬಂದು ಪರದೆ ನೋಡಿದವಳೇ ನಿಂತುಬಿಟ್ಟಳು. ತೊಟ್ಟಿಗಳ ಉಪ್ಪು ಅರ್ಧವೂ ಗಟ್ಟಿಯಾಗಿರಲಿಲ್ಲ. ಗಾಳಿ ಆಗಲೇ ನೀರು ಕುಡಿದು ಹೊಟ್ಟೆ ತುಂಬಿಸಿಕೊಂಡಿದ್ದರಿಂದ ಛಾವಣಿಯ ನೀರು ರಾತ್ರಿಯೆಲ್ಲ ಸುಮ್ಮನೆ ಹರಿದುಹೋಗಿತ್ತು, ಆವಿಯಾಗಿರಲೇ ಇಲ್ಲ. ಇದ್ದ ತಂಪು ಬಿಸಿಲಿನ ಲೆಕ್ಕಕ್ಕೆ ಸಾಕು, ಅಥವಾ ಮೇಲಿನ ಗಾಜಿನ ಸಭಾಂಗಣಕ್ಕೆ ಸಾಕು. ಎರಡಕ್ಕೂ ಸಾಲದು. ಅತ್ತಿ ತನ್ನ ಪದ್ಧತಿಯಂತೆ ಬಿಸಿಲಿನ ಲೆಕ್ಕವನ್ನು ಮೊದಲು ಮಾಡಲು ಸಿದ್ಧಳಾಗಿದ್ದಳು.

ಆಗ ಆಯುಕ್ತ ತ್ಯಾಗರಾಜ್ ಬಂದರು. ಮೈಸೂರಿನ ಕಡೆಯವರು. ಜಿಲ್ಲೆಗೆ ಬಂದ ಮೇಲೆ ಒಮ್ಮೆಯೂ ಗಣಿಯ ಅಂಚಿಗೆ ಕಾಲಿಟ್ಟಿರಲಿಲ್ಲ. ಭೂಮಿಯನ್ನು ಉಳಿಸುವ ಬಗ್ಗೆ ಮೂರು ಖಂಡಗಳಲ್ಲಿ ಭಾಷಣ ಮಾಡಿದ್ದರು, ವಿಮಾನದಲ್ಲಿ ಹೋಗಿ. ಅಂದು ಕುತ್ತಿಗೆಯವರೆಗೆ ಗುಂಡಿ ಹಾಕಿದ ಹಸಿರು ಕೋಟು ತೊಟ್ಟಿದ್ದರು.

“ಏನ್ ಮೇಡಂ, ಬೆಳಗ್ಗೆನೇ ಮುಖ ಗಂಟು ಹಾಕ್ಕೊಂಡಿದೀರಾ? ಇವತ್ತು ಎಲ್ಲಾರೂ ನಗ್ತಾ ಇರ್ಬೇಕು.”

“ಸರ್, ತಂಪು ಸಾಲಂಗಿಲ್ಲ. ಇರೋದರಾಗ ಒಂದಾ ಮ್ಯಾಲಿನ ಸಭಾಂಗಣ, ಇಲ್ಲಾ ಬಿಸಲಿನ ಲೆಕ್ಕ. ಹೊರಗಿನ ಕರೆಂಟಿಗೆ ನಿಮ್ಮ ಬೆರಳು ಹಚ್ಚ್ರಿ. ಒಂದು ತಾಸಿನ ಮಾತದ.”

“ಇವತ್ತಾ?” ಅವರಿಗೆ ನಿಜಕ್ಕೂ ನೋವಾದಂತೆ ಕಂಡಿತು. “ತೀರ್ಪುಗಾರರು ಬಂದಾಗ ಬೋರ್ಡಲ್ಲಿ ಸೊನ್ನೆ ಬಿಟ್ಟು ಬೇರೆ ನಂಬರ್ ಬರೋದಾ? ಹೊರಗಡೆ ಎಷ್ಟಿದೆ ಟೆಂಪರೇಚರು?”

“ನಲವತ್ತರ ಹತ್ತಿರ ಆಗಬಹುದು.”

“ನಿನ್ನೆ?”

“ನಲವತ್ನಾಲ್ಕಿತ್ತು.”

“ನೋಡಿ ಮತ್ತೆ! ಇವತ್ತು ತಂಪೇ ಇದೆಯಲ್ರೀ. ನಿನ್ನೆ ಲೆಕ್ಕಾನೇ ಇವತ್ತಿಗೂ ಹಾಕ್ಬಿಡಿ. ನಿನ್ನೆ ಸೈರನ್ ಊಟದ ಹೊತ್ತಿಗೆ ಕೂಗಿತ್ತು ತಾನೆ? ಇವತ್ತೂ ಆಗ್ಲೇ ಕೂಗ್ಲಿ. ಇನ್ನೂ ಸೇಫೇ ಆಯ್ತು.”

ನೀಲಗಂಗಾ ಮಕ್ಕಳಿಗೆ ಹೇಳುವಂತೆ ಹೇಳಿದಳು. “ನಿನ್ನೆ ಊಟದ ಹೊತ್ತಿನ ತನಕ ಒಣ ಬಿಸಲು ಸರ್. ಬೆವರು ಆರತಿತ್ತು, ಮೈ ತಣ್ಣಗಾಗತಿತ್ತು. ಇವತ್ತು ಬೆವರು ಆರಂಗಿಲ್ಲ. ನಮ್ಮ ಛಾವಣಿ ಮ್ಯಾಲಿನ ನೀರು ಆರಲಿಲ್ಲ ನೋಡ್ರಿ, ಹಂಗಾ ಮಂದಿ ಮೈಮ್ಯಾಲಿಂದೂ ಆರಂಗಿಲ್ಲ. ಒಳಗಿನ ಕಾವು ಒಳಗೇ ಉಳೀತದ. ನಲವತ್ತು ಕಡಿಮಿ ಅಲ್ಲರೀ, ನಿನ್ನೆಕಿಂತ ಕೆಟ್ಟದ್ದು.”

“ಮೇಡಂ, ನೀವು ಇಂಜಿನಿಯರು, ಡಾಕ್ಟರಲ್ಲ. ಒಂದೆರಡು ಗಂಟೆ ಹೆಚ್ಚುಕಮ್ಮಿ ಆದ್ರೆ ಪ್ರಪಂಚ ಮುಳುಗಲ್ಲ. ನಾವಿಲ್ಲಿ ಮುಂದಿನ ಪೀಳಿಗೆಗಾಗಿ ಕೆಲಸ ಮಾಡ್ತಿದೀವಿ. ಸ್ವಲ್ಪ ದೊಡ್ಡದಾಗಿ ಯೋಚಿಸಿ.” ಕೋಟಿನ ತುದಿ ಎಳೆದು ಸರಿಮಾಡಿಕೊಂಡು ಹೊರಟುಹೋದರು.

ಬಿಸಿಲಿನ ಲೆಕ್ಕವನ್ನು ಮುಂದೂಡಬಹುದಾದ ಕೆಲಸಗಳ ಸಾಲಿಗೆ ತಳ್ಳಲು ಒಂದೇ ಗುಂಡಿ ಒತ್ತಬೇಕಿತ್ತು. ಅತ್ತಿ ‘ಖಚಿತವೇ?’ ಎಂದು ಕೇಳಿದಳು. ನೀಲಗಂಗಾ ಒತ್ತಿದಳು. ಸರ್ಕಾರಿ ನೌಕರಿಯಲ್ಲಿ ಪಳಗಿದ ಬೆರಳು ಅದು. ಮನಸ್ಸು ತೀರ್ಮಾನಿಸುವ ಮೊದಲೇ ವಿಧೇಯತೆಯಿಂದ ಇಳಿಯುವುದನ್ನು ಕಲಿತಿತ್ತು.

ತೀರ್ಪುಗಾರರು ಸಾಲು ಕಾರುಗಳಲ್ಲಿ ಬಂದರು. ಹಾರ ಹಾಕಿದರೆ ಹೂವಿನ ಸಾಗಣೆಯಿಂದ ಇಂಗಾಲ ಹೆಚ್ಚುತ್ತದೆಂದು ಒಬ್ಬೊಬ್ಬರಿಗೂ ಒಂದೊಂದು ಬೇವಿನ ಎಲೆ ಕೊಟ್ಟು ಸ್ವಾಗತಿಸಿದರು. ನೌಕರರಿಗೆ ನಿಲ್ಲಿಸಿದ್ದ ಲಿಫ್ಟು ಅತಿಥಿಗಳಿಗಾಗಿ ಅಂದು ಮೇಲೇರಿತು. ನಿಯಂತ್ರಣ ಕೊಠಡಿಯ ಪರದೆಯ ಮೇಲೆ ನೀಲಗಂಗಾಳಿಗೆ ಸಭಾಂಗಣ ಕಾಣುತ್ತಿತ್ತು. ತಣ್ಣನೆಯ ಗಾಳಿಯಲ್ಲಿ ಕಿಟಕಿಯ ಬಟ್ಟೆಗಳು ಮೆಲ್ಲಗೆ ಅಲುಗುತ್ತಿದ್ದವು. ಅತಿಥಿಯೊಬ್ಬರು ಚಳಿಯೆಂದು ಶಾಲು ಕೇಳಿದರು.

ಅಷ್ಟರಲ್ಲಿ ಗಂಡನ ಫೋನು ಬಂತು. ಹಿನ್ನೆಲೆಯಲ್ಲಿ ಯಾರೋ ಕೂಗಾಡುತ್ತಿದ್ದರು.

“ನೀಲಾ, ಸೈರನ್ ಯಾಕ ಕೂಗವಲ್ದು? ಇಲ್ಲಿ ಮಂದಿ ಬೀಳ್ಲಾಕತ್ತಾರ. ಲಾಲಬಿ ಬಿದ್ದಾಳ. ಆಕೀದು ಬೆವರೇ ನಿಂತದ, ಮೈ ಹಂಚಿನಂಗ ಸುಡ್ತದ, ಏನೇನೋ ಮಾತಾಡ್ಲಾಕತ್ತಾಳ.”

“ಎಲ್ಲಾರನ್ನೂ ಮ್ಯಾಲ ಕಳಿಸು. ಸೈರನ್ ಹಾದಿ ನೋಡಬ್ಯಾಡ. ಮಾಲಕರು ಏನರೆ ಅನ್ನಲಿ.”

“ನನ್ನ ಗಣಿ ಮಂದಿನ್ನ ನಾ ಆಗಲೇ ಮ್ಯಾಲ ಹತ್ತಿಸೀನಿ. ಉಳದ ಗಣಿಯವರಿಗೆ ಯಾರು ಹೇಳ್ತಾರ? ಅಲ್ಲಿ ಎಲ್ಲಾರೂ ಸೈರನ್ ಕಡೀನೇ ನೋಡ್ಕೋತ ಕೆಲಸ ಮಾಡ್ಲಾಕತ್ತಾರ. ನಿಮ್ಮ ಮಷೀನಿಗೆ ಏನಾಗ್ಯದ?”

ಮಷೀನಿಗೆ ಏನೂ ಆಗಿರಲಿಲ್ಲ. ಅದನ್ನು ಹೇಳುವ ಧೈರ್ಯ ಅವಳಿಗಾಗಲಿಲ್ಲ. ಏಳಂತಸ್ತು ಮೆಟ್ಟಿಲು ಹತ್ತಿ ಏದುಸಿರು ಬಿಡುತ್ತ ಸಭಾಂಗಣಕ್ಕೆ ಹೋದಳು. ತ್ಯಾಗರಾಜ್ ಪರದೆಯ ಮುಂದೆ ಕೈಯಾಡಿಸುತ್ತ ‘ಪ್ರಕೃತಿಯೊಂದಿಗೆ ಸಂವಾದ’ ಎಂಬ ವಿಷಯದ ಮೇಲೆ ಮಾತಾಡುತ್ತಿದ್ದರು. ಅವಳು ಪಕ್ಕಕ್ಕೆ ಹೋಗಿ ಪಿಸುಗುಟ್ಟಿದಳು.

“ಸರ್, ಗಣಿಯಾಗ ಮಂದಿ ಸಾಯ್ಲಾಕತ್ತಾರ. ಬೆರಳು ಹಚ್ಚ್ರಿ.”

ಅವರು ಅತಿಥಿಗಳತ್ತ ಮುಗುಳ್ನಗುತ್ತಲೇ, ತುಟಿ ಅಲುಗದಂತೆ, “ಆಮೇಲೆ ಮೇಡಂ, ಆಮೇಲೆ. ಇನ್ನೇನು ಮುಗೀತು,” ಎಂದರು. ಮತ್ತೆ ಸಭೆಯತ್ತ ತಿರುಗಿ, “ನಮ್ಮ ತಾಂತ್ರಿಕ ತಂಡ ಎಷ್ಟು ಉತ್ಸಾಹಿ ಅನ್ನೋದನ್ನ ನೀವೇ ನೋಡ್ತಿದೀರಿ,” ಎಂದರು. ಅತಿಥಿಗಳು ನಕ್ಕರು.

ಆ ನಗು ಅವಳ ಬೆನ್ನ ಹಿಂದೆ ಇನ್ನೂ ಕೇಳಿಸುತ್ತಿರುವಾಗಲೇ ಅವಳು ಮೆಟ್ಟಿಲು ಇಳಿಯತೊಡಗಿದಳು. ನಿಯಂತ್ರಣ ಕೊಠಡಿಯಲ್ಲಿ ತಂಪಿನ ದಾರಿ ಬದಲಿಸಲು ನೋಡಿದಳು. ವಿಶೇಷ ಅತಿಥಿಗಳಿರುವಾಗ ಸಭಾಂಗಣದ ತಂಪು ಮುಟ್ಟುವಂತಿಲ್ಲವೆಂದು ಅತ್ತಿ ನಿರಾಕರಿಸಿದಳು. ಹಾಗೆಂದು ಅವಳಿಗೆ ಕಲಿಸಿದ್ದರು. ನೀಲಗಂಗಾ ಇನ್ನೂ ಕೆಳಗೆ, ತೊಟ್ಟಿಗಳ ನಡುವೆ ಹೋದಳು. ಕೊಳವೆಗಳು ಕವಲೊಡೆಯುವಲ್ಲಿ ಕೈಯಿಂದ ತಿರುಗಿಸುವ ಕಬ್ಬಿಣದ ಚಕ್ರವೊಂದಿತ್ತು. ಎರಡೂ ಕೈ ಕೊಟ್ಟು, ಗೋಡೆಗೆ ಕಾಲು ಒತ್ತಿ ತಿರುಗಿಸಿದಳು. ಅದು ಕಿರುಗುಟ್ಟಿ ಜರುಗಿತು. ಮೇಲಕ್ಕೆ ಹೋಗುತ್ತಿದ್ದ ತಣ್ಣೀರು ನಿಂತು ಕಂಪ್ಯೂಟರುಗಳತ್ತ ಹರಿಯಿತು. ಓಡಿಬಂದು ಬಿಸಿಲಿನ ಲೆಕ್ಕವನ್ನು ಮತ್ತೆ ಮೊದಲ ಸಾಲಿಗೆ ಎಳೆದಳು. ನೆಲಮಾಳಿಗೆಯ ಯಂತ್ರಗಳೆಲ್ಲ ಒಟ್ಟಿಗೆ ಗುಂಯ್‌ಗುಡತೊಡಗಿದವು.

ಮೇಲೆ ಗಾಜಿನ ಸಭಾಂಗಣ ತನ್ನ ನಿಜವಾದ ಗುಣ ತೋರಿಸಿತು. ನೆತ್ತಿಯ ಮೇಲೆ ಸೂರ್ಯ, ಸುತ್ತಲೂ ಗಾಜು, ತೆರೆಯದ ಕಿಟಕಿ, ಹಸಿ ಗಾಳಿ. ಶಾಲು ಕೇಳಿದವರು ಮೊದಲು ಶಾಲು ತೆಗೆದರು, ಆಮೇಲೆ ಕೋಟು. ತ್ಯಾಗರಾಜರ ಮಾತು ‘ಶಾಖವನ್ನು ನಾವು ಗೆದ್ದ ಬಗೆ’ ಎಂಬಲ್ಲಿಗೆ ಬಂದಾಗ ಅವರ ಹಸಿರು ಕೋಟಿನ ಬೆನ್ನು ಕಪ್ಪಾಗಿತ್ತು. ಒಂದು ಕೋಣೆ ಮಿತಿಮೀರಿ ಕಾದರೆ ಅದರ ಕಾವು ಇಡೀ ಕಟ್ಟಡಕ್ಕೆ ಹರಡಬಾರದೆಂದು ಅತ್ತಿಗೆ ಯಾರೋ ಜಾಣರು ಕಲಿಸಿದ್ದರು. ಅವಳು ಆ ಪಾಠದಂತೆ ಸಭಾಂಗಣದ ಬಾಗಿಲುಗಳನ್ನು ಮುಚ್ಚಿದಳು. ಭೂಮಂಡಲದ ಭವಿಷ್ಯದ ಬಗ್ಗೆ ಮಾತಾಡುತ್ತಿದ್ದ ಗಣ್ಯರು ಬಾಗಿಲು ಬಡಿಯತೊಡಗಿದರು. ಒಬ್ಬರು ಕುರ್ಚಿ ಎತ್ತಿ ಗಾಜಿಗೆ ಹೊಡೆದರು. ಅದು ಪ್ರಶಸ್ತಿ ಪಡೆದ ಗಾಜು, ಒಡೆಯಲಿಲ್ಲ. ಇನ್ನೊಬ್ಬರು ಮೇಜಿನ ಮೇಲಿದ್ದ ಅಲಂಕಾರದ ಕುಂಡದ ನೀರನ್ನು ತಲೆಗೆ ಸುರಿದುಕೊಂಡರು. ಕಾವಲುಗಾರರು ಬಾಗಿಲು ಮೀಟಿ ತೆಗೆದಾಗ ಎಲ್ಲರೂ ಒಬ್ಬರನ್ನೊಬ್ಬರು ತಳ್ಳಿಕೊಂಡು ತುರ್ತು ಮೆಟ್ಟಿಲಿನಿಂದ ಇಳಿದರು. ಆ ಮೆಟ್ಟಿಲು ಅವರನ್ನು ತಗಡಿನ ಚಪ್ಪರದಡಿ ತಂದು ಬಿಟ್ಟಿತು. ಅಲ್ಲಿ ಬೆಳಗಿನಿಂದ ನಿಂತಿದ್ದ ಜನ ಒತ್ತರಿಸಿಕೊಂಡು ಅವರಿಗೂ ಜಾಗ ಮಾಡಿಕೊಟ್ಟರು.

ಆಗ ದೂರದಲ್ಲಿ ಸೈರನ್‌ಗಳು ಕೂಗಿದವು. ಒಂದರ ಹಿಂದೊಂದು, ಎಲ್ಲ ಗಣಿಗಳಿಂದ.

ಲಾಲಬಿ ಉಳಿಯಲಿಲ್ಲ. ಅವಳನ್ನು ಹಳೆಯ ಜಿಲ್ಲೆಯ ಆಸ್ಪತ್ರೆಗೆ ಒಯ್ಯುತ್ತಿದ್ದ ಜೀಪಿನಲ್ಲೇ ಉಸಿರು ನಿಂತಿತು. ಪಕ್ಕದ ಗಣಿಯಲ್ಲಿ ಹೊರರಾಜ್ಯದಿಂದ ಬಂದ ಇಬ್ಬರು ಸತ್ತರು. ಅವರ ಹೆಸರೇನೆಂದು ಗುತ್ತಿಗೆದಾರನಿಗೆ ಹೇಳಲಾಗಲಿಲ್ಲ.

ಆ ಹೊತ್ತಿನಲ್ಲಿ ತ್ಯಾಗರಾಜ್ ಚಪ್ಪರದಡಿ ನಿಂತು, ಯಾರೋ ಮುದುಕಿ ಕೊಟ್ಟ ನೀರು ಕುಡಿದು, ಸೈರನ್ ಕೇಳಿಸಿಕೊಂಡು, ಮುಖ ಒರೆಸಿಕೊಂಡು ಯೋಚಿಸಿದರು. ಅವರಂಥವರ ಬುದ್ಧಿ ಇಂಥ ಗಳಿಗೆಯಲ್ಲಿ ಬಹಳ ಚುರುಕು. ತೀರ್ಪುಗಾರರತ್ತ ತಿರುಗಿ, “ಇದನ್ನ ನಿಮಗೆ ಅನುಭವಕ್ಕೇ ತರಬೇಕು ಅಂತ ಮುಂಚೆ ಹೇಳಲಿಲ್ಲ,” ಎಂದರು. “ಕಾರ್ಮಿಕರ ಜೀವದ ಲೆಕ್ಕಕ್ಕೆ ತಂಪು ಬೇಕಾದಾಗ ನಿರ್ಮಲ ಸೌಧ ಅಧಿಕಾರಿಗಳ ತಂಪನ್ನ ಕಿತ್ಕೊಳ್ಳುತ್ತೆ. ಬೋರ್ಡ್ ನೋಡಿ. ಇನ್ನೂ ಸೊನ್ನೆ!”

ತೀರ್ಪುಗಾರರು ಫಲಕ ನೋಡಿದರು. ಸೊನ್ನೆಯೇ ಇತ್ತು. ಒಬ್ಬಾಕೆಯ ಕಣ್ಣು ತುಂಬಿ ಬಂತು. ಬೆವರುತ್ತಲೇ ಚಪ್ಪಾಳೆ ತಟ್ಟಿದರು. ನಿರ್ಮಲ ಸೌಧಕ್ಕೆ ವಜ್ರ ಪ್ರಶಸ್ತಿ ಘೋಷಣೆಯಾಯಿತು. ಸಾವುಗಳ ಬಗ್ಗೆ ನಡೆದ ವಿಚಾರಣೆ, ಮೃತರು ಸೌಧದ ಗಡಿಯಿಂದಾಚೆ ಇದ್ದರೆಂಬ ನಿರ್ಣಯಕ್ಕೆ ಬಂದು ಮುಗಿಯಿತು.

ಲಾಲಬಿಯ ಮಣ್ಣು ಮುಗಿಸಿ ಬಂದ ಸಂಜೆ ನೀಲಗಂಗಾ ಗಂಡನಿಗೆ ಗುಂಡಿ ಒತ್ತಿದ್ದನ್ನು ಹೇಳಿದಳು. ರೇವಣಸಿದ್ಧ ತನ್ನ ಕೈ ನೋಡಿಕೊಂಡ. ಅವನ ಅಂಗೈಯಲ್ಲಿ ಹೊಸ ಮಣ್ಣು ಇನ್ನೂ ಅಂಟಿಕೊಂಡಿತ್ತು.

“ಒತ್ತಿದಾಕಿನೂ ನೀನೇ, ಚಕ್ರ ತಿರುವಿದಾಕಿನೂ ನೀನೇ,” ಎಂದ. “ನಾ ಏನು ಅನ್ನಲಿ? ತಿರುವಿದ್ದಕ್ಕ ನೂರಾರು ಮಂದಿ ಮನಿಗಿ ಬಂದಾರ. ಒತ್ತಿದ್ದಕ್ಕ ಲಾಲಬಿ ಬರಲಿಲ್ಲ. ಎರಡೂ ನೀ ಹೊತ್ತಕೊಂಡೇ ಇರಬೇಕು.”

ಅವಳು ತಲೆಯಾಡಿಸಿದಳು. ಅವನು ಎದ್ದು ಹೋಗಿ ಅವಳಿಗೆ ಕುಡಿಯಲು ನೀರು ತಂದುಕೊಟ್ಟ.

ಮರುದಿನ ಆಯುಕ್ತರು ಕರೆಸಿದರು. ಅನುಮತಿಯಿಲ್ಲದೆ ಚಕ್ರ ಮುಟ್ಟಿದ್ದಕ್ಕೆ ಅಮಾನತು ಮಾಡುವ ಆದೇಶ ಸಿದ್ಧವಿತ್ತು.

“ಇದನ್ನ ಹರಿದು ಹಾಕ್ತೀನಿ,” ಎಂದರು ತ್ಯಾಗರಾಜ್ ಉದಾರವಾಗಿ. “ಪ್ರಶಸ್ತಿ ಸಮಾರಂಭಕ್ಕೆ ನನ್ ಜೊತೆ ವೇದಿಕೆಗೆ ಬನ್ನಿ. ಚಕ್ರ ತಿರುಗಿಸಿದ ಕೈ ಇದೇ ಅಂತ ನಾನೇ ತೋರಿಸ್ತೀನಿ. ನಿಮಗೂ ಒಳ್ಳೇದು, ಕಟ್ಟಡಕ್ಕೂ ಒಳ್ಳೇದು.”

“ಗುಂಡಿ ಒತ್ತಿದ್ದೂ ಇದೇ ಕೈ ಸರ್. ಒತ್ತಿಸಿದ್ದು ನಿಮ್ಮ ಬಾಯಿ. ಅದನ್ನೂ ವೇದಿಕಿ ಮ್ಯಾಲ ಹೇಳೋಣೇನ್ರಿ?”

“ಅದೆಲ್ಲ ಯಾಕೆ ಈಗ? ಮುಗಿದು ಹೋಯ್ತಲ್ಲ.”

ಅವಳು ಅವರನ್ನು ದಿಟ್ಟಿಸಿ ನೋಡಿದಳು. “ಎಲ್ಲಾ ಕೊಳೆ ಗಡಿ ಹೊರಗ ಹಾಕ್ಕೋತ ಬಂದೀರಿ. ನಾಚಿಕಿನೂ ಹೊರಗೇ ಇಟ್ಟೀರೇನ್ರಿ ಸರ್?”

ಅಮಾನತಿನ ಆದೇಶಕ್ಕೆ ಅಲ್ಲೇ ಸಹಿ ಬಿತ್ತು.

ಆದರೆ ಗಣಿಗಳಿಗೆ ಯಾರೂ ಇಳಿಯಲಿಲ್ಲ. ಲಾಲಬಿಯ ಜೊತೆ ಕಲ್ಲು ಹೊರುತ್ತಿದ್ದ ಹೆಂಗಸರು ಮೊದಲು ಕೂತರು, ಆಮೇಲೆ ಗಂಡಸರು. ಬಿಸಿಲಿನ ಲೆಕ್ಕ ಆ ಗಾಜಿನ ಕಟ್ಟಡದಿಂದ ಹೊರಗೆ ಬರುವವರೆಗೆ ಒಂದು ಕಲ್ಲನ್ನೂ ಎತ್ತುವುದಿಲ್ಲವೆಂದರು. ಲೆಕ್ಕ ನಡೆಸಲು ನೀಲಗಂಗಾಳೇ ಬೇಕೆಂದು ರೇವಣಸಿದ್ಧ ಕೇಳಲಿಲ್ಲ. ಆ ಹೆಂಗಸರೇ ಕೇಳಿದರು. ಏನು ನಡೆಯಿತೆಂದು ಅವಳು ಅವರೆದುರು ಕೂತು ಪೂರ್ತಿ ಹೇಳಿದ ಮೇಲೆಯೇ ಕೇಳಿದರು. “ಒಮ್ಮಿ ಸುಟ್ಟಗೊಂಡಾಕಿ ಆಕಿ. ಇನ್ನ ಯಾರ ಮಾತೂ ಕೇಳಂಗಿಲ್ಲ,” ಎಂದಳು ಅವರಲ್ಲೊಬ್ಬಳು.

ಸರ್ಕಾರ ಹಟ ಹಿಡಿಯುತ್ತದೆಂದು ಎಲ್ಲರೂ ಅಂದುಕೊಂಡಿದ್ದರು. ತ್ಯಾಗರಾಜ್ ಸಂತೋಷದಿಂದ ಒಪ್ಪಿದರು. ಅತಿ ಹೆಚ್ಚು ಕಾಯುವ ಯಂತ್ರಗಳು ಸೌಧದಿಂದ ತೊಲಗಿದರೆ ಅವರ ಸೊನ್ನೆ ಇನ್ನಷ್ಟು ಭದ್ರ. ಗಣಿಗಳ ನಡುವೆ ನಿಜಾಮರ ಕಾಲದ ಒಂದು ಸುಂಕದ ಕಟ್ಟಡ ಪಾಳುಬಿದ್ದಿತ್ತು. ಮೊಳ ದಪ್ಪದ ಕಲ್ಲಿನ ಗೋಡೆ, ಎತ್ತರದ ಛಾವಣಿ, ಎದುರುಬದುರಿನ ಕಿಟಕಿ. ಯಂತ್ರಗಳನ್ನು ಅಲ್ಲಿಗೆ ಸಾಗಿಸಿ, ಅಮಾನತು ರದ್ದುಮಾಡಿ, ಶಿಕ್ಷೆಯೆಂದು ನೀಲಗಂಗಾಳನ್ನೂ ಅಲ್ಲಿಗೇ ಹಾಕಿದರು. ಅವಳು ಛಾವಣಿಯ ಮೇಲೆ ಸೌರಫಲಕ ಹಾಕಿಸಿದಳು. ಸಾಲದಾಗ ಯಾರ ಬೆರಳಚ್ಚೂ ಕೇಳದೆ ಹೊರಗಿನ ವಿದ್ಯುತ್ತು ಎಳೆದುಕೊಂಡಳು. ನಡುಮನೆಯನ್ನು ಖಾಲಿ ಬಿಟ್ಟು ಚಾಪೆ ಹಾಸಿಸಿ, ನೀರಿನ ಹಂಡೆ ಇಡಿಸಿದಳು. ಸೈರನ್ ಕೂಗಿದಾಗ ಗಣಿಯವರು ಅಲ್ಲಿ ಬಂದು ಕೂರುತ್ತಿದ್ದರು. ಅವರ ಮೈಶಾಖ ಎಷ್ಟೆಂದು ಯಾರೂ ಅಳೆಯಲಿಲ್ಲ.

ಮರುವರ್ಷ ಪೂರ್ವದ ಹಸಿ ಗಾಳಿ ಮತ್ತೆ ಬಂದು ಊರಿನ ಮೇಲೆ ಕೂತಿತು. ಅಂದು ನೀಲಗಂಗಾ ಯಾರೂ ಗುಂಡಿಗೆ ಇಳಿಯುವ ಮೊದಲೇ ಸೈರನ್ ಹಾಕಿದಳು. ಲೆಕ್ಕ ನಡೆದಷ್ಟು ಹೊತ್ತೂ ಕಲ್ಲಿದ್ದಲಿನ ವಿದ್ಯುತ್ತು ಹರಿಯಿತು. ಗಣಿಗಳು ಬರಿದಾಗಿ ಬಿದ್ದಿದ್ದವು. ನಡುಮನೆಯಲ್ಲಿ ಹೆಂಗಸರು ಎಲೆಯಡಿಕೆ ಹಾಕಿಕೊಂಡು ಹರಟುತ್ತಿದ್ದರು, ರೇವಣಸಿದ್ಧ ಗೋಡೆಗೊರಗಿ ತೂಕಡಿಸುತ್ತಿದ್ದ.

ಅಷ್ಟು ಹೊತ್ತಿಗೆ ಸೌಧದಿಂದ ಒಬ್ಬ ತಪಾಸಣಾ ಅಧಿಕಾರಿ ಬಂದ. ಕಂಕುಳಲ್ಲಿ ಒಂದು ಕೆಂಪು ಫಲಕವಿತ್ತು, ಕೈಯಲ್ಲಿ ಸುತ್ತಿಗೆ. ಬಾಗಿಲಲ್ಲಿ ನಿಂತು ಗಂಟಲು ಸರಿಮಾಡಿಕೊಂಡ. ಅಂಗಿ ಮೈಗೆ ಅಂಟಿಕೊಂಡಿತ್ತು, ಮುಖ ಕೆಂಡದಂತಾಗಿತ್ತು.

“ಮೇಡಂ, ತಪ್ಪು ತಿಳ್ಕೋಬೇಡಿ, ಮೇಲಿನಿಂದ ಆದೇಶ ಬಂದಿದೆ. ಇಡೀ ಜಿಲ್ಲೆಯಲ್ಲೇ ಅತ್ಯಂತ ಕೊಳಕು ಕಚೇರಿ ಅಂದ್ರೆ ನಿಮ್ದೇ ಅಂತೆ. ಇದನ್ನ ಹೊರಗಡೆ ಗೋಡೆಗೆ ಹೊಡೀಬೇಕು.”

“ಹೌದ್ರೀ, ನಮ್ದೇ,” ಎಂದಳು ನೀಲಗಂಗಾ ಪರದೆಯಿಂದ ಕಣ್ಣೆತ್ತದೆ. “ಮೊದಲ ಒಳಗ ಬಂದು ಕೂಡ್ರಿ. ಹೊರಗ ನಿಂತ್ರ ಸಾಯ್ತೀರಿ.”